ಮೂಗಿನೊಳಗಿನ ಮೆಲನೋಮಾ: ಅಮ್ಮನಿಗೆ ಪ್ರೋಟಾನ್ ಚಿಕಿತ್ಸೆಯೇ ಬೇಕೆ?

ದಾವಣಗೆರೆಯ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 61 ವರ್ಷ. ಕಳೆದ ಚಳಿಗಾಲದಲ್ಲಿ ಅವರ ಎಡ ಮೂಗು ಕಟ್ಟಿಕೊಳ್ಳತೊಡಗಿತು. ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಒಂದೆರಡು ಹನಿ ರಕ್ತ ಕಾಣುತ್ತಿತ್ತು. ನೆಗಡಿ, ಸೈನಸ್ ಎಂದುಕೊಂಡು ನಾಲ್ಕು ತಿಂಗಳು ಮಾತ್ರೆ ಮತ್ತು ಸ್ಪ್ರೇಗಳಲ್ಲಿಯೇ ಕಳೆದೆವು. ಒಂದು ದಿನ ಅವರು ಮೂಗು ಒರೆಸಿಕೊಂಡ ಬಿಳಿ ಕರವಸ್ತ್ರದ ಮೇಲೆ ಕಾಡಿಗೆ ಬಳಿದಂತೆ ಕಪ್ಪು ಗುರುತು ಬಿದ್ದಿತ್ತು. ಬಯಾಪ್ಸಿಯಲ್ಲಿ ಲೋಳೆಪೊರೆಯ ಮೆಲನೋಮಾ, ಅಂದರೆ ಮೈಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್, ಎಂದು ಬಂದಿತು.

ಮೂರು ವಾರಗಳ ಹಿಂದೆ ಬೆಂಗಳೂರಿನಲ್ಲಿ ದುರ್ಬೀನಿನ ಮೂಲಕ ಶಸ್ತ್ರಚಿಕಿತ್ಸೆಯಾಗಿದೆ. ಗಡ್ಡೆ ಮೂಗಿನ ಪಕ್ಕದ ಗೋಡೆಯಿಂದ, ಎರಡು ಕಣ್ಣುಗಳ ನಡುವಿನ ಎಥ್ಮಾಯ್ಡ್ ಸೈನಸ್ಸಿನವರೆಗೆ ಹರಡಿತ್ತು ಎಂದೂ, ಕಣ್ಣಿನ ಗೂಡಿನ ಕಡೆ ಕತ್ತರಿಸಿದ ಅಂಚಿಗೆ ಗಡ್ಡೆ ತೀರ ಹತ್ತಿರವಿತ್ತು ಎಂದೂ ವರದಿಯಲ್ಲಿದೆ. ವರದಿಯ ಕೊನೆಯಲ್ಲಿ "ಟಿ3" ಎಂದು ಬರೆದಿರುವುದನ್ನು ನೋಡಿ ನಮ್ಮ ಮನೆಯವರೆಲ್ಲ ಮೂರನೆಯ ಹಂತವೆಂದು ಕುಸಿದುಹೋಗಿದ್ದೇವೆ. ಇನ್ನು ರೇಡಿಯೇಷನ್ ಕೊಡಬೇಕಂತೆ. ಚೆನ್ನೈಗೆ ಕರೆದೊಯ್ದು ಪ್ರೋಟಾನ್ ಕಿರಣದ ರೇಡಿಯೇಷನ್ ಕೊಡಿಸಿದರೆ ಕಣ್ಣು ಉಳಿಯುತ್ತದೆ, ಕಾಯಿಲೆಯೂ ಮರಳುವುದಿಲ್ಲ ಎಂದು ನಮ್ಮ ಸೋದರಮಾವ ಹೇಳುತ್ತಿದ್ದಾರೆ. ಅದಕ್ಕಾಗಿ ಹೊಲ ಮಾರಲೂ ಅಣ್ಣ ಸಿದ್ಧನಾಗಿದ್ದಾನೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಮೈಸೂರಿನ ಇಎನ್‌ಟಿ ವೈದ್ಯೆ

ಮೊದಲು "ಟಿ3" ಎಂಬುದರ ಭಯವನ್ನು ಬಿಡಿಸುತ್ತೇನೆ. ತಲೆ ಮತ್ತು ಕುತ್ತಿಗೆಯ ಲೋಳೆಪೊರೆಯ ಮೆಲನೋಮಾಗೆ ಟಿ1, ಟಿ2 ಎಂಬ ವರ್ಗಗಳೇ ಇಲ್ಲ. ಎಣಿಕೆ ಮೂರರಿಂದಲೇ ಆರಂಭವಾಗುತ್ತದೆ. ಗಡ್ಡೆ ಎಷ್ಟೇ ಚಿಕ್ಕದಿದ್ದರೂ ಈ ಕಾಯಿಲೆಯ ಸ್ವಭಾವ ಉಗ್ರವಾದುದರಿಂದ ಹಾಗೆ ವರ್ಗೀಕರಿಸಿದ್ದಾರೆ. ನಿಮ್ಮ ತಾಯಿಯವರದು ಲೋಳೆಪೊರೆಯಲ್ಲಿ ಮತ್ತು ಅದರ ಕೆಳಗಿನ ಮೃದು ಅಂಗಾಂಶದಲ್ಲಿ ಮಾತ್ರ ಇದೆ ಎಂಬುದೇ ಟಿ3ರ ಅರ್ಥ. ಮೂಳೆ, ಮೃದ್ವಸ್ಥಿ ಅಥವಾ ಚರ್ಮವನ್ನು ಹೊಕ್ಕಿದ್ದರೆ ಟಿ4ಎ, ಮಿದುಳು ಅಥವಾ ತಲೆಬುರುಡೆಯ ತಳವನ್ನು ಮುಟ್ಟಿದ್ದರೆ ಟಿ4ಬಿ ಎನ್ನುತ್ತಿದ್ದರು. ಆದ್ದರಿಂದ ಈ ಕಾಯಿಲೆಯ ಅಳತೆಗೋಲಿನಲ್ಲಿ ನಿಮ್ಮ ತಾಯಿಯವರು ಮೊದಲ ಮೆಟ್ಟಿಲಿನಲ್ಲಿಯೇ ಇದ್ದಾರೆ.

ಇದು ಬಿಸಿಲಿನಿಂದ ಬರುವ ಚರ್ಮದ ಮೆಲನೋಮಾ ಅಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಎಲ್ಲ ಮೆಲನೋಮಾಗಳ ಪೈಕಿ ಸುಮಾರು ನೂರರಲ್ಲಿ ಒಂದು ಮಾತ್ರ ಲೋಳೆಪೊರೆಯದು. ಏಷ್ಯಾದ ಜನರಲ್ಲಿ ಚರ್ಮದ ಮೆಲನೋಮಾ ಕಡಿಮೆಯಾದ್ದರಿಂದ ಇದರ ಪಾಲು ಹೆಚ್ಚು. ಚೀನಾದ ಒಂದು ದೊಡ್ಡ ಸಮೂಹದಲ್ಲಿ ಅದು ಐದರಲ್ಲಿ ಒಂದಕ್ಕಿಂತಲೂ ಹೆಚ್ಚಿತ್ತು. ಆದರೂ ಒಬ್ಬ ಇಎನ್‌ಟಿ ವೈದ್ಯ ತನ್ನ ಇಡೀ ವೃತ್ತಿಜೀವನದಲ್ಲಿ ನೋಡುವುದು ಬೆರಳೆಣಿಕೆಯಷ್ಟು. ನಾಲ್ಕು ತಿಂಗಳು ಸೈನಸ್ ಎಂದೇ ಔಷಧ ಕೊಟ್ಟದ್ದಕ್ಕೆ ನೀವು ನಿಮ್ಮನ್ನು ಹಳಿದುಕೊಳ್ಳಬೇಡಿ. ಓದುತ್ತಿರುವ ಉಳಿದವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಒಂದೇ ಹೊಳ್ಳೆ ಕಟ್ಟಿಕೊಂಡು, ಅದೇ ಹೊಳ್ಳೆಯಿಂದ ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ ಎರಡು ಮೂರು ವಾರಗಳೊಳಗೆ ದುರ್ಬೀನು ಹಾಕಿ ನೋಡಿಸಲೇಬೇಕು.

ರೇಡಿಯೇಷನ್ ಏಕೆ ಎಂಬುದಕ್ಕೆ ಉತ್ತರವಿದೆ. 2010ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದು 160 ರೋಗಿಗಳನ್ನು ಹೋಲಿಸಿ ನೋಡಿತು. ಶಸ್ತ್ರಚಿಕಿತ್ಸೆಯ ನಂತರ ರೇಡಿಯೇಷನ್ ಪಡೆದವರಲ್ಲಿ ಅದೇ ಜಾಗದಲ್ಲಿ ಕಾಯಿಲೆ ಮರುಕಳಿಸುವುದು ಸಾಕಷ್ಟು ಕಡಿಮೆಯಾಯಿತು. ಆದರೆ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಏಕೆಂದರೆ ಈ ಕಾಯಿಲೆಯಲ್ಲಿ ಜೀವಕ್ಕೆ ಸಂಚಕಾರ ತರುವುದು ಹೆಚ್ಚಾಗಿ ಶ್ವಾಸಕೋಶ, ಯಕೃತ್ತು ಮತ್ತು ಮೂಳೆಗಳಿಗೆ ಹರಡುವ ಗಡ್ಡೆಗಳು. ಯಾವ ಕಿರಣದ ಬಗ್ಗೆ ಮಾತನಾಡುವಾಗಲೂ ಈ ಒಂದು ಸಂಗತಿಯನ್ನು ಎದುರಿಗಿಟ್ಟುಕೊಂಡೇ ಮಾತನಾಡೋಣ.

ಶಿವಮೊಗ್ಗದ ಹಿರಿಯ ಮಗ

ತಂಗಿ, ನಮ್ಮ ತಂದೆಯವರಿಗೆ ಎರಡು ವರ್ಷಗಳ ಹಿಂದೆ ಇದೇ ಕಾಯಿಲೆಗೆ ಚೆನ್ನೈನಲ್ಲಿ ಪ್ರೋಟಾನ್ ಕೊಡಿಸಿದೆವು. ಅವರದು ಟಿ4ಬಿ. ಗಡ್ಡೆ ಮೂಗಿನ ಹಿಂದೆ ಆಳದಲ್ಲಿರುವ ಸ್ಫೀನಾಯ್ಡ್ ಸೈನಸ್ಸಿನವರೆಗೆ ಹೋಗಿತ್ತು. ಎರಡೂ ಕಣ್ಣಿನ ನರಗಳು ಕೂಡುವ ಜಾಗ ಅಲ್ಲಿಂದ ಕೆಲವೇ ಮಿಲಿಮೀಟರ್ ದೂರದಲ್ಲಿತ್ತು. ಸಾಮಾನ್ಯ ರೇಡಿಯೇಷನ್ನಿನಲ್ಲಿ ಬೇಕಾದಷ್ಟು ಡೋಸ್ ಕೊಡಲು ಹೋದರೆ ಎರಡೂ ಕಣ್ಣುಗಳಿಗೆ ಅಪಾಯ, ಕಣ್ಣುಗಳನ್ನು ಉಳಿಸಲು ಹೋದರೆ ಗಡ್ಡೆಗೆ ಡೋಸ್ ಸಾಲದು ಎಂದು ಎರಡು ಕಡೆ ಒಂದೇ ಮಾತನ್ನು ಹೇಳಿದ್ದರಿಂದ ಹೊರಟೆವು.

ಅಲ್ಲಿ ನಡೆಯುವುದನ್ನು ಹೇಳುತ್ತೇನೆ, ಭಯ ಸ್ವಲ್ಪ ಕಡಿಮೆಯಾಗಬಹುದು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಜಾಳಿಗೆಯಂಥ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಎಳೆದು ಮುಖವಾಡ ಮಾಡುತ್ತಾರೆ. ಆರಿದ ಮೇಲೆ ಅದು ಗಟ್ಟಿಯಾಗುತ್ತದೆ. ಪ್ರತಿದಿನ ಅದನ್ನು ತೊಡಿಸಿ ಮೇಜಿಗೆ ಬಿಗಿಯುತ್ತಾರೆ. ಕಿರಣ ಬೀಳುವುದು ಕೆಲವೇ ನಿಮಿಷ. ತಲೆಯನ್ನು ಸರಿಯಾದ ಜಾಗಕ್ಕೆ ಹೊಂದಿಸಲು ಅದಕ್ಕಿಂತ ಬಹಳ ಹೊತ್ತು ಹಿಡಿಯುತ್ತಿತ್ತು. ತಂದೆಯವರು ಒಳಗೆ ಮಲಗಿ ಮನಸ್ಸಿನಲ್ಲಿಯೇ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ಯಾವ ನಾಮಕ್ಕೆ ಬಂದಾಗ ಮುಖವಾಡ ಬಿಚ್ಚುತ್ತಾರೆ ಎಂಬುದು ಎರಡನೆಯ ವಾರದಲ್ಲಿ ಅವರಿಗೆ ಗೊತ್ತಾಗಿಬಿಟ್ಟಿತ್ತು. ನಾಲ್ಕನೆಯ ವಾರ ಮೂಗಿನ ಮೇಲಿನ ಮತ್ತು ಕೆನ್ನೆಯ ಚರ್ಮ ಸುಟ್ಟಂತೆ ಕೆಂಪಾಯಿತು. ಬಾಯಿಯ ಹುಣ್ಣು ಮಾತ್ರ ನಾವು ಹೆದರಿದ್ದಷ್ಟು ಆಗಲಿಲ್ಲ.

ಇಂದಿಗೂ ಅವರು ಪತ್ರಿಕೆಯನ್ನು ತಾವೇ ಓದುತ್ತಾರೆ. ಮೂಗಿನಲ್ಲಿ ಗಡ್ಡೆ ಮರಳಿಲ್ಲ. ಆದರೆ ಹದಿನಾಲ್ಕನೆಯ ತಿಂಗಳಿನ ಪೆಟ್ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಮೂರು ಗಂಟುಗಳು ಕಂಡವು, ಈಗ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿ ನಡೆಯುತ್ತಿದೆ. ಪ್ರೋಟಾನ್ ಕೊಡಿಸಿದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ. ಆದರೆ "ಕಾಯಿಲೆ ಮರಳುವುದಿಲ್ಲ" ಎಂದು ಯಾರಾದರೂ ಹೇಳಿದರೆ ಅದನ್ನು ನಂಬಿ ಹೊಲ ಮಾರಬೇಡಿ.

ವಿಕಿರಣ ಭೌತವಿಜ್ಞಾನಿ

ಹದಿನೆಂಟು ವರ್ಷಗಳಿಂದ ರೇಡಿಯೇಷನ್ ವಿಭಾಗದಲ್ಲಿ ಯೋಜನೆ ತಯಾರಿಸುವ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆ ಹಳ್ಳಿಯವರು "ಕರೆಂಟ್ ಇಡುವುದು" ಎನ್ನುವ ಸಾಮಾನ್ಯ ರೇಡಿಯೇಷನ್ನಿನಲ್ಲಿ ಬಳಸುವುದು ಎಕ್ಸ್-ಕಿರಣ. ಅದು ಚರ್ಮದ ಕೆಳಗೆ ಒಂದೆರಡು ಸೆಂಟಿಮೀಟರ್ ಆಳದಲ್ಲಿ ಅತ್ಯಂತ ಹೆಚ್ಚು ಶಕ್ತಿಯನ್ನು ಬಿಟ್ಟು, ಆಮೇಲೆ ನಿಧಾನವಾಗಿ ಕುಂದುತ್ತಾ ದೇಹದ ಆಚೆ ಬದಿಯಿಂದ ಹೊರಬೀಳುತ್ತದೆ. ಪ್ರೋಟಾನ್ ಹಾಗಲ್ಲ. ಅದಕ್ಕೆ ತೂಕವಿದೆ, ವಿದ್ಯುದಾವೇಶವಿದೆ. ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಶಕ್ತಿಯನ್ನು ಕಳೆದುಕೊಂಡು ಹೋಗಿ, ನಿಲ್ಲುವ ಜಾಗದಲ್ಲಿ ಉಳಿದದ್ದನ್ನೆಲ್ಲ ಒಮ್ಮೆಗೇ ಬಿಟ್ಟುಬಿಡುತ್ತದೆ. ಅದರಾಚೆ ಬಹುತೇಕ ಏನೂ ಹೋಗುವುದಿಲ್ಲ. ಆ ತುತ್ತತುದಿಗೆ ಬ್ರ್ಯಾಗ್ ಶಿಖರ ಎಂದು ಹೆಸರು. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು ರಾಬರ್ಟ್ ವಿಲ್ಸನ್ ಎಂಬ ಅಮೆರಿಕದ ಭೌತವಿಜ್ಞಾನಿ 1946ರಲ್ಲಿಯೇ ಬರೆದರು. 1954ರಲ್ಲಿ ಬರ್ಕ್‌ಲಿಯಲ್ಲಿ ಮೊದಲ ರೋಗಿಗೆ ಕೊಟ್ಟರು.

ಮೂಗಿನ ಸುತ್ತ ಏನೇನಿದೆ ಎಂದು ಯೋಚಿಸಿ: ಎರಡು ಕಣ್ಣು, ದೃಷ್ಟಿನರಗಳು, ಕಣ್ಣೀರಿನ ಗ್ರಂಥಿಗಳು, ಪಿಟ್ಯುಟರಿ, ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗ, ಮಿದುಳಿನ ಕಾಂಡ. ರೇಡಿಯೇಷನ್ ಡೋಸನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತೇವೆ. ದೃಷ್ಟಿನರಕ್ಕೆ ಬೀಳುವ ಡೋಸ್ 55 ಗ್ರೇ ಒಳಗಿದ್ದರೆ ಕುರುಡಾಗುವ ಅಪಾಯ ಬಹಳ ಕಡಿಮೆ, 60 ದಾಟಿದರೆ ವೇಗವಾಗಿ ಏರುತ್ತದೆ. ಮೆಲನೋಮಾಗೆ ಕೊಡಬೇಕಾದದ್ದು 60 ಗ್ರೇ ಆಸುಪಾಸು ಅಥವಾ ಹೆಚ್ಚು. ನಮ್ಮ ಹೆಣಗಾಟವೆಲ್ಲ ಈ ಎರಡು ಅಂಕಿಗಳ ನಡುವೆಯೇ ನಡೆಯುವುದು.

ಆದರೆ ಮಿತಿಗಳನ್ನೂ ಹೇಳಲೇಬೇಕು. ಗಡ್ಡೆಯ ಜಾಗವೇ ದೃಷ್ಟಿನರಕ್ಕೆ ಅಂಟಿಕೊಂಡಿದ್ದರೆ ಯಾವ ಕಿರಣವೂ ಆ ನರವನ್ನು ಬಿಟ್ಟು ಗಡ್ಡೆಯನ್ನು ಮಾತ್ರ ಹೊಡೆಯಲಾರದು. ಪ್ರೋಟಾನ್ ಉಳಿಸುವುದು ದೂರದಲ್ಲಿರುವುದನ್ನು: ಎದುರು ಬದಿಯ ಕಣ್ಣನ್ನು, ಮಿದುಳನ್ನು, ಜೊಲ್ಲಿನ ಗ್ರಂಥಿಗಳನ್ನು. ಎರಡನೆಯದಾಗಿ, ಪ್ರೋಟಾನ್ ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕದಲ್ಲಿ ನೂರಕ್ಕೆ ಮೂರರಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆ. ಅದಕ್ಕಾಗಿಯೇ ಕಿರಣವನ್ನು ನೇರವಾಗಿ ದೃಷ್ಟಿನರದತ್ತ ಗುರಿಯಿಟ್ಟು, ಅದರ ಮುಂದೆ ಒಂದು ಮಿಲಿಮೀಟರ್ ಬಿಟ್ಟು ನಿಲ್ಲಿಸುತ್ತೇವೆ ಎನ್ನುವ ಧೈರ್ಯವನ್ನು ಅನುಭವಸ್ಥರು ಮಾಡುವುದಿಲ್ಲ.

ಮೂರನೆಯದು ಮೂಗಿನದ್ದೇ ಆದ ತೊಂದರೆ, ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಶಸ್ತ್ರಚಿಕಿತ್ಸೆಯಾದ ಮೂಗಿನ ಗೂಡು ಒಂದು ದಿನ ಖಾಲಿ ಇರುತ್ತದೆ, ಇನ್ನೊಂದು ದಿನ ಸಿಂಬಳ ಮತ್ತು ಹಕ್ಕಳೆಯಿಂದ ತುಂಬಿರುತ್ತದೆ. ಗಾಳಿಯಲ್ಲಿ ಪ್ರೋಟಾನ್ ಸಲೀಸಾಗಿ ಮುಂದೆ ಹೋಗುತ್ತದೆ, ಲೋಳೆಯಲ್ಲಿ ಬೇಗ ನಿಲ್ಲುತ್ತದೆ. ತುಂಬಿದ ಸೈನಸ್ಸಿನ ಚಿತ್ರ ತೆಗೆದು ಯೋಜನೆ ಮಾಡಿ, ಚಿಕಿತ್ಸೆಯ ನಡುವೆ ಅದು ಖಾಲಿಯಾದರೆ, ಗಡ್ಡೆಯ ಜಾಗದಲ್ಲಿ ನಿಲ್ಲಬೇಕಾದ ಕಿರಣ ಸೆಂಟಿಮೀಟರ್‌ಗಟ್ಟಲೆ ಮುಂದಕ್ಕೆ ಹೋಗಿ ಮಿದುಳಿನ ಅಂಗಾಂಶವನ್ನು ತಾಕಬಹುದು. ಎಕ್ಸ್-ಕಿರಣಕ್ಕೆ ಈ ವ್ಯತ್ಯಾಸ ಅಷ್ಟು ಬಾಧಿಸುವುದಿಲ್ಲ. ಆದ್ದರಿಂದ ಯಾವ ಕೇಂದ್ರಕ್ಕೆ ಹೋದರೂ "ನಡುವೆ ಎಷ್ಟು ಸಲ ಸಿಟಿ ತೆಗೆದು ಯೋಜನೆಯನ್ನು ಪರಿಶೀಲಿಸುತ್ತೀರಿ?" ಎಂದು ತಪ್ಪದೆ ಕೇಳಿ. ಪ್ರತಿದಿನ ಉಪ್ಪುನೀರಿನಿಂದ ಮೂಗು ತೊಳೆಯುವುದು ಇಲ್ಲಿ ಬರೀ ಶುಚಿತ್ವದ ಮಾತಲ್ಲ, ಅದು ಚಿಕಿತ್ಸೆಯ ನಿಖರತೆಯ ಭಾಗ.

ಮಂಗಳೂರಿನ ಓದುಗ

2025ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 440 ರೋಗಿಗಳಿಗೆ ಪ್ರೋಟಾನ್ ಮತ್ತು ಎಕ್ಸ್-ಕಿರಣಗಳನ್ನು ಹೋಲಿಸಿ, ಪ್ರೋಟಾನ್ ಪಡೆದವರು ಹೆಚ್ಚು ಕಾಲ ಬದುಕಿದರು ಎಂದು ಓದಿದ್ದೇನೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಎಂದರೆ ಇದೂ ಸೇರಿತಲ್ಲವೇ?

ವಿಕಿರಣ ಭೌತವಿಜ್ಞಾನಿ

ಸೇರುವುದಿಲ್ಲ, ಸರ್. ಆ ಪ್ರಯೋಗ ನಡೆದದ್ದು ಗಂಟಲಿನ ಕ್ಯಾನ್ಸರ್ ರೋಗಿಗಳಲ್ಲಿ. ಅದು ಬೇರೆ ಜೀವಕೋಶದ, ಬೇರೆ ಸ್ವಭಾವದ, ಕೀಮೋಥೆರಪಿಗೂ ರೇಡಿಯೇಷನ್ನಿಗೂ ಚೆನ್ನಾಗಿ ಬಗ್ಗುವ ಕಾಯಿಲೆ. ಮೆಲನೋಮಾ ರೇಡಿಯೇಷನ್ನಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ನಮ್ಮ ವಿಷಯಕ್ಕೆ ಹತ್ತಿರವಾದದ್ದು ಅಮೆರಿಕದ ಮೇಯೋ ಕ್ಲಿನಿಕ್‌ನವರು 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆ. ಮೂಗು ಮತ್ತು ಸೈನಸ್ಸಿನ ಎಲ್ಲ ಬಗೆಯ ಕ್ಯಾನ್ಸರ್‌ಗಳಲ್ಲಿ, ಜಾಗದಲ್ಲಿಯೇ ಕಾಯಿಲೆಯನ್ನು ಹಿಡಿದಿಡುವ ವಿಷಯದಲ್ಲಿ ಪ್ರೋಟಾನ್ ಮೇಲೆಂದು ಅದು ಹೇಳಿತು. ಆದರೆ ಅದು ಬೇರೆ ಬೇರೆ ಆಸ್ಪತ್ರೆಗಳ ಹಳೆಯ ದಾಖಲೆಗಳನ್ನು ಕೂಡಿಸಿ ನೋಡಿದ್ದು; ಚೀಟಿ ಎತ್ತಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ. ಎಷ್ಟು ತೂಕ ಕೊಡಬೇಕೋ ಅಷ್ಟೇ ಕೊಡೋಣ.

ಜಪಾನಿನಲ್ಲಿರುವ ಕನ್ನಡಿಗ

ನಾನು ವೈದ್ಯನಲ್ಲ, ಚಿಬಾ ಪ್ರಾಂತದ ಕಾಶಿವಾ ಬಳಿ ವಾಸಿಸುವ ಎಂಜಿನಿಯರ್. ಪತ್ನಿಯ ಸಂಬಂಧಿಕರೊಬ್ಬರ ಸಲುವಾಗಿ ಇದನ್ನೆಲ್ಲ ಓದಬೇಕಾಗಿ ಬಂದಿತು. ಈ ನಿರ್ದಿಷ್ಟ ಕಾಯಿಲೆಗೆ ಪ್ರೋಟಾನ್ ಬಳಸಿದ ಅನುಭವದ ಬಹುಭಾಗ ಜಪಾನಿನದ್ದೇ ಆದ್ದರಿಂದ ಹಂಚಿಕೊಳ್ಳುತ್ತೇನೆ.

ಇಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ಕಾಶಿವಾ ಆಸ್ಪತ್ರೆಯವರು ಶಸ್ತ್ರಚಿಕಿತ್ಸೆಯನ್ನೇ ಮಾಡದೆ, ಪ್ರೋಟಾನ್ ಒಂದರಿಂದಲೇ ಚಿಕಿತ್ಸೆ ನೀಡಿ ನೋಡಿದರು. ವಾರಕ್ಕೆ ಮೂರು ಸಲದಂತೆ 15 ಸಲಕ್ಕೆ ಒಟ್ಟು 60 ಗ್ರೇ. ಅಂದರೆ ಒಂದು ಸಲಕ್ಕೆ 4, ಇದು ಸಾಮಾನ್ಯ ರೇಡಿಯೇಷನ್ನಿನ ಎರಡರಷ್ಟು. ಒಂದೊಂದು ಪೆಟ್ಟು ದೊಡ್ಡದಿದ್ದರೆ ಮೆಲನೋಮಾ ಹೆಚ್ಚು ಬಗ್ಗುತ್ತದೆ ಎಂಬುದು ಅದರ ಹಿಂದಿನ ತರ್ಕ. 2011ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ ಇದ್ದದ್ದು 14 ರೋಗಿಗಳು. 2016ರ ಎರಡನೆಯ ವರದಿಯಲ್ಲಿ 32 ಮಂದಿ. ಒಂದು ವರ್ಷದ ಹೊತ್ತಿಗೆ ಅವರಲ್ಲಿ ಸುಮಾರು ಶೇ. 76ರಷ್ಟು ಮಂದಿಗೆ ಮೂಗಿನ ಗಡ್ಡೆ ಹತೋಟಿಯಲ್ಲಿತ್ತು. ಮೂರು ವರ್ಷ ಬದುಕಿದವರು ಸುಮಾರು ಶೇ. 46. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಸೋತವರಲ್ಲಿ ಬಹುಪಾಲು ಮಂದಿ ಸೋತದ್ದು ಮೂಗಿನಲ್ಲಿ ಅಲ್ಲ, ದೂರದ ಅಂಗಗಳಲ್ಲಿ. ಮೈಸೂರಿನ ಮೇಡಂ ಹೇಳಿದ್ದೂ ಅದನ್ನೇ.

ಇದೇ ಚಿಬಾದಲ್ಲಿ 1994ರಿಂದ ಕಾರ್ಬನ್ ಅಯಾನುಗಳ ಚಿಕಿತ್ಸೆಯೂ ನಡೆಯುತ್ತಿದೆ. ಕಾರ್ಬನ್ ಪ್ರೋಟಾನಿಗಿಂತ ಭಾರವಾದ್ದರಿಂದ ಜೀವಕೋಶದ ಮೇಲೆ ಅದರ ಪೆಟ್ಟು ಜೋರು. ಆದರೆ ಎರಡೂ ಲಭ್ಯವಿರುವ ಹ್ಯೋಗೊ ಕೇಂದ್ರದವರು 62 ಮೆಲನೋಮಾ ರೋಗಿಗಳನ್ನು ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂಗಿನ ಮೆಲನೋಮಾಗೆ ಈ ಎರಡೂ ಚಿಕಿತ್ಸೆಗಳನ್ನು 2018ರಿಂದ ಇಲ್ಲಿನ ಸಾರ್ವಜನಿಕ ವಿಮೆ ಭರಿಸುತ್ತದೆ. ಕಿರಣದ ಆಯ್ಕೆಗೂ ಹೊಲದ ಮಾರಾಟಕ್ಕೂ ಇಲ್ಲಿ ಸಂಬಂಧವಿಲ್ಲ ಎಂಬುದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಧಾರವಾಡದ ಶಿಕ್ಷಕಿ

ನನ್ನ ಪತಿಗೆ ಅಂಗುಳಿನ ಮೇಲೆ ಶುರುವಾದದ್ದು ಇದೇ ಕಾಯಿಲೆ. ಹಲ್ಲಿನ ಸೆಟ್ ಉಜ್ಜಿ ಕಪ್ಪಾಗಿದೆ ಎಂದು ಬಹಳ ದಿನ ತಿಳಿದಿದ್ದೆವು. ಅಂಗುಳಿನ ಅರ್ಧ ತೆಗೆದ ಮೇಲೆ ಆ ತೂತನ್ನು ಮುಚ್ಚಲು ಹಾಕುವ ಅಚ್ಚು ತೆಗೆದಾಗಲೆಲ್ಲ ಅವರು ಕುಡಿದ ನೀರು ಮೂಗಿನಿಂದ ಬರುತ್ತಿತ್ತು. ಆದರೂ ಶಾಲೆಯ ಮಕ್ಕಳ ಜೊತೆ ಮಾತನಾಡುವುದನ್ನು ಬಿಡಲಿಲ್ಲ. ನಾವು ಸಾಲ ಮಾಡಿ ದುಬಾರಿ ರೇಡಿಯೇಷನ್ ಮುಗಿಸಿದೆವು. ಏಳು ತಿಂಗಳ ನಂತರ ಯಕೃತ್ತಿನಲ್ಲಿ ಕಂಡಾಗ ಇಮ್ಯುನೋಥೆರಪಿಯ ಎರಡನೆಯ ಡೋಸಿಗೆ ನಮ್ಮಲ್ಲಿ ಹಣವಿರಲಿಲ್ಲ.

ಪ್ರೋಟಾನ್ ಬೇಡ ಎಂದು ನಾನು ಹೇಳುತ್ತಿಲ್ಲ. ಇರುವ ಹಣವನ್ನು ಯಾವ ಕಾಲಕ್ಕೆ ಎಷ್ಟು ಎಂದು ಮೊದಲೇ ಲೆಕ್ಕ ಹಾಕಿ ಎಂದು ಕೈಮುಗಿದು ಕೇಳುತ್ತಿದ್ದೇನೆ. ನಮಗೆ ಆ ಲೆಕ್ಕವನ್ನು ಯಾರೂ ಹೇಳಲಿಲ್ಲ.

ಮೈಸೂರಿನ ಇಎನ್‌ಟಿ ವೈದ್ಯೆ

ಅಕ್ಕ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನೀವು ಹೇಳಿದ ಲೆಕ್ಕವನ್ನು ವೈದ್ಯರಾದ ನಾವೇ ಹೇಳಬೇಕಾಗಿತ್ತು.

ಇಮ್ಯುನೋಥೆರಪಿಯ ಬಗ್ಗೆಯೂ ಅಳತೆ ತಪ್ಪದೆ ಹೇಳುತ್ತೇನೆ. ನಿವೊಲುಮಾಬ್ ಎಂಬ ಇಮ್ಯುನೋಥೆರಪಿ ಔಷಧ ಪಡೆದ ರೋಗಿಗಳ ವಿಶ್ಲೇಷಣೆಯೊಂದು 2017ರಲ್ಲಿ ಬಂದಿತು. ಚರ್ಮದ ಮೆಲನೋಮಾದಲ್ಲಿ ನೂರಕ್ಕೆ ಸುಮಾರು 41 ಮಂದಿಯ ಗಡ್ಡೆಗಳು ಕುಗ್ಗಿದರೆ, ಲೋಳೆಪೊರೆಯದರಲ್ಲಿ ಸುಮಾರು 23 ಮಂದಿಯವು. ಇಪಿಲಿಮುಮಾಬ್ ಎಂಬ ಇನ್ನೊಂದು ಔಷಧವನ್ನು ಜೊತೆಗೂಡಿಸಿದಾಗ ಲೋಳೆಪೊರೆಯದರಲ್ಲಿ ಇದು ಸುಮಾರು 37ಕ್ಕೆ ಏರಿತು, ಅಡ್ಡಪರಿಣಾಮಗಳೂ ಏರಿದವು. ಕಡಿಮೆಯೇ, ಆದರೆ ಫಲಿಸಿದವರಲ್ಲಿ ಕೆಲವರಿಗೆ ದೀರ್ಘಕಾಲ ಫಲಿಸುತ್ತದೆ. ದಾವಣಗೆರೆಯವರು ತಾಯಿಯ ಬಯಾಪ್ಸಿ ಬ್ಲಾಕಿನಲ್ಲಿ (ಗಡ್ಡೆಯ ತುಣುಕನ್ನು ಮೇಣದಲ್ಲಿ ಕಾಪಿಟ್ಟದ್ದು) ಕಿಟ್, ಬಿರಾಫ್ ಮತ್ತು ಎನ್‌ರಾಸ್ ಜೀನುಗಳ ಪರೀಕ್ಷೆಯನ್ನು ಈಗಲೇ ಮಾಡಿಸಿಡಿ. ಚರ್ಮದ ಮೆಲನೋಮಾದಲ್ಲಿ ಬಿರಾಫ್ ಬದಲಾವಣೆ ಸಾಮಾನ್ಯ, ಇಲ್ಲಿ ವಿರಳ. ಕಿಟ್ ಬದಲಾವಣೆ ಇಲ್ಲಿ ಹೆಚ್ಚು. ಅದು ಸಿಕ್ಕರೆ ಇಮಾಟಿನಿಬ್ ಎಂಬ ಮಾತ್ರೆಯ ದಾರಿಯೊಂದು ತೆರೆದಿರುತ್ತದೆ.

ಬೆಂಗಳೂರಿನ ರೋಗಿಸಹಾಯಕ

ಹಣದ ವಿಷಯ. ಚೆನ್ನೈನ ತರಮಣಿಯಲ್ಲಿ ಅಪೊಲೊದವರ ಪ್ರೋಟಾನ್ ಕೇಂದ್ರ 2019ರ ಜನವರಿಯಲ್ಲಿ ಆರಂಭವಾಯಿತು. ದೇಶದಲ್ಲಿ ಅದೇ ಮೊದಲನೆಯದು. ಮುಂಬೈನ ಟಾಟಾ ಸ್ಮಾರಕ ಕೇಂದ್ರದವರು ನವಿ ಮುಂಬೈನ ಖಾರಘರ್‌ನಲ್ಲಿ 2023ರಿಂದ ಕೊಡುತ್ತಿದ್ದಾರೆ. ಅದು ಪರಮಾಣು ಶಕ್ತಿ ಇಲಾಖೆಯ ಅಧೀನದ ಸಂಸ್ಥೆ. ನಮ್ಮವರು ಸಾಮಾನ್ಯವಾಗಿ ಹತ್ತಿರವೆಂದು ಚೆನ್ನೈಯನ್ನಷ್ಟೇ ಯೋಚಿಸುತ್ತಾರೆ. ಖಾರಘರ್‌ಗೂ ಕಾಗದಪತ್ರಗಳನ್ನು ಕಳುಹಿಸಿ ಅಭಿಪ್ರಾಯ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿ ಇದೆ. ಸಾಮಾನ್ಯ ರೇಡಿಯೇಷನ್ನಿಗೆ ಅದು ದೊಡ್ಡ ಆಸರೆ. ಪ್ರೋಟಾನಿಗೆ ಖಾಸಗಿಯಲ್ಲಿ ತಗಲುವ ವೆಚ್ಚ ಆ ಮಿತಿಯ ಹಲವು ಪಟ್ಟು. ಖಾಸಗಿ ವಿಮೆಯಿದ್ದರೆ ಪಾಲಿಸಿಯಲ್ಲಿ "ಆಧುನಿಕ ಚಿಕಿತ್ಸೆಗಳು" ಎಂಬ ಭಾಗದಲ್ಲಿ ಒಳಮಿತಿ ಇದೆಯೇ ಎಂದು ಓದಿ, ಮುಂಚಿತ ಒಪ್ಪಿಗೆಯನ್ನು ಬರವಣಿಗೆಯಲ್ಲಿಯೇ ಪಡೆಯಿರಿ.

ದಾವಣಗೆರೆಯ ಮಗಳು

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ನೀವೆಲ್ಲ ಬರೆದದ್ದನ್ನು ಓದಿದ ಮೇಲೆ, ಪ್ರೋಟಾನ್ ಮತ್ತು ಎಕ್ಸ್-ಕಿರಣ ಎರಡೂ ಬಗೆಯ ಯೋಜನೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕೆಂದು ಕೇಳಿದೆವು. ಟ್ಯೂಮರ್ ಬೋರ್ಡಿನ, ಅಂದರೆ ಎಲ್ಲ ವಿಭಾಗದವರು ಕೂಡಿ ಚಿಕಿತ್ಸೆ ನಿರ್ಧರಿಸುವ ಸಮಿತಿಯ, ವೈದ್ಯರು ಬೇಸರಿಸಿಕೊಳ್ಳದೆ ತರಿಸಿಕೊಂಡು, ಅಣ್ಣನನ್ನೂ ನನ್ನನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ ವಿವರಿಸಿದರು. ಎಡಗಣ್ಣಿನ ನರ ಗಡ್ಡೆಯಿದ್ದ ಜಾಗದ ಪಕ್ಕದಲ್ಲಿಯೇ ಇರುವುದರಿಂದ ಅದಕ್ಕೆ ಬೀಳುವ ಡೋಸ್ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ: ಪ್ರೋಟಾನಿನಲ್ಲಿ 51, ಎಕ್ಸ್-ಕಿರಣದಲ್ಲಿ 53 ಗ್ರೇ. ಬಲಗಣ್ಣಿಗೆ ಮತ್ತು ಮಿದುಳಿಗೆ ಬೀಳುವುದು ಪ್ರೋಟಾನಿನಲ್ಲಿ ಬಹಳ ಕಡಿಮೆ. ಆದರೆ ಎಕ್ಸ್-ಕಿರಣದಲ್ಲಿಯೂ ಅದು ಅಪಾಯದ ಗೆರೆಯಿಂದ ಸಾಕಷ್ಟು ಕೆಳಗಿದೆ. ಗಡ್ಡೆ ತಲೆಬುರುಡೆಯ ತಳದಲ್ಲಿದ್ದಿದ್ದರೆ ನಾವೇ ಚೆನ್ನೈಗೆ ಕಳುಹಿಸುತ್ತಿದ್ದೆವು ಎಂದು ಅವರು ಹೇಳಿದರು. ಚೆನ್ನೈ ಮತ್ತು ಮುಂಬೈ ಎರಡೂ ಕಡೆ ವಿಚಾರಿಸಿದಾಗ ವಿಮೆಯ ಒಪ್ಪಿಗೆ ಬಂದು ಸರದಿ ಸಿಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಯಾಗಿ ಎಂಟು ವಾರ ದಾಟುತ್ತಿತ್ತು. ಆರು ವಾರಗಳೊಳಗೆ ರೇಡಿಯೇಷನ್ ಶುರುವಾಗಲಿ ಎಂಬುದು ಎಲ್ಲ ವೈದ್ಯರ ಒಮ್ಮತವಾಗಿತ್ತು.

ಹಾಗಾಗಿ ಬೆಂಗಳೂರಿನಲ್ಲಿಯೇ, ಎಕ್ಸ್-ಕಿರಣವನ್ನು ಗಡ್ಡೆಯ ಜಾಗದ ಆಕಾರಕ್ಕೆ ಹೊಂದಿಸಿ ಕೊಡುವ ಐಎಂಆರ್‌ಟಿ ಎಂದು ನಿರ್ಧರಿಸಿದೆವು. 30 ದಿನ, 60 ಗ್ರೇ. ಹೊಲ ಮಾರುತ್ತಿಲ್ಲ. ಸೋದರಮಾವ ಎರಡು ದಿನ ಮಾತು ಬಿಟ್ಟಿದ್ದರು. ಎರಡು ಯೋಜನೆಗಳ ಬಣ್ಣದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿ ವಿವರಿಸಿದ ಮೇಲೆ ತಾವೇ ಬಂದು ಅಮ್ಮನ ಜೊತೆ ಉಳಿಯುತ್ತೇನೆ ಎಂದರು. ಜೀನುಗಳ ಪರೀಕ್ಷೆಗೆ ಬ್ಲಾಕ್ ಹೋಗಿದೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಎಂದು ಬರೆದುಕೊಟ್ಟಿದ್ದಾರೆ. ಧಾರವಾಡದ ಅಕ್ಕ, ಆ ಲೆಕ್ಕವನ್ನು ಅಣ್ಣ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ಮೊದಲ ಪುಟವೇ ನೀವು ಹೇಳಿದ ಔಷಧದ್ದು.

ನಿನ್ನೆ ಮುಖವಾಡ ಮಾಡಿದರು. ಬೆಚ್ಚಗಿನ ಹಾಳೆ ಮುಖದ ಮೇಲೆ ಬಿದ್ದಾಗ ರೊಟ್ಟಿ ಬಡಿದು ಹಾಕಿದಂತಾಯಿತು ಎಂದು ಅಮ್ಮ ಹೇಳಿದರು. ಸೋಮವಾರ ಬೆಳಿಗ್ಗೆ ಏಳೂವರೆಗೆ ಮೊದಲ ಸರದಿ.

ಶಿವಮೊಗ್ಗದ ಹಿರಿಯ ಮಗ

ತಂಗಿ, ಸೋಮವಾರದೊಳಗೆ ಹಲ್ಲಿನ ವೈದ್ಯರಿಗೆ ತೋರಿಸಿ. ಕೀಳಬೇಕಾದ ಹಲ್ಲಿದ್ದರೆ ರೇಡಿಯೇಷನ್ನಿಗಿಂತ ಮುಂಚೆಯೇ ಕೀಳಬೇಕು. ನಂತರ ಕಿತ್ತರೆ ದವಡೆಯ ಮೂಳೆ ಮಾಯುವುದು ಕಷ್ಟ. ಕೀಳಬೇಕೆಂದರೆ ಆ ಗಾಯ ಆರಲು ಎಷ್ಟು ದಿನ ಬೇಕು ಎಂಬುದನ್ನು ರೇಡಿಯೇಷನ್ ವೈದ್ಯರಿಗೆ ಅಂದೇ ಫೋನ್ ಮಾಡಿ ತಿಳಿಸಿ. ಮೂಗು ತೊಳೆಯುವ ಬಾಟಲಿ ಎರಡು ಇಟ್ಟುಕೊಳ್ಳಿ, ನೀರನ್ನು ಕುದಿಸಿ ಆರಿಸಿಯೇ ಬಳಸಿ. ಬೆಂಗಳೂರಿನಲ್ಲಿ ರೂಮು ಸಿಗದಿದ್ದರೆ ನನಗೆ ಸಂದೇಶ ಕಳುಹಿಸಿ, ಆಸ್ಪತ್ರೆಯ ಹತ್ತಿರದ ಛತ್ರವೊಂದರಲ್ಲಿ ನಮ್ಮ ಪರಿಚಯದವರಿದ್ದಾರೆ.